ಅವನು ಅವಳಿಗೆ ಏನಾಗಬೇಕು?

ನಮ್ಮಜ್ಜಿಗೆ ಈ ಲೋಕದಲ್ಲಿ ನಂಟರಲ್ಲದವರು ಯಾರೂ ಇರಲಿಲ್ಲ. ಯಳಂದೂರಿನ ನಮ್ಮ ತೊಟ್ಟಿಮನೆಯ ಜಗಲಿಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಳೆಂದರೆ ಬೀದಿಯಲ್ಲಿ ಹೋಗುವ ಒಬ್ಬರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಬಳೆ ಮಾರುವವನು ಬಂದರೆ ಬಳೆ ನೋಡುವ ಮೊದಲು ಅವನ ತಾಯಿಯ ತವರು ಯಾವುದೆಂದು ಕೇಳುವಳು. ಅವನು ಊರಿನ ಹೆಸರು ಹೇಳಿದನೋ, ಸಿಕ್ಕಿಬಿದ್ದ. ಆ ಊರಿನಿಂದ ಹೆಣ್ಣು ತಂದವರು, ಆ ಊರಿಗೆ ಹೆಣ್ಣು ಕೊಟ್ಟವರು, ಅವರ ಬೀಗರು, ಬೀಗರ ಬೀಗರು ಎಲ್ಲರನ್ನೂ ಎಳೆದು ತಂದು, ಕಡೆಗೆ "ಅಂಗಾದ್ರೆ ನೀನು ನಂಗೆ ತಮ್ಮನ ವರಸೆ ಆಯ್ತೀಯ ಕಣಪ್ಪ" ಎಂದು ತೀರ್ಪು ಕೊಡುವಳು. ಪಾಪ, ಅವನು ತಲೆ ಕೆರೆದುಕೊಂಡು ಒಪ್ಪಿಕೊಳ್ಳುವನು. ವರಸೆ ಗೊತ್ತಾಗುವ ತನಕ ನಮ್ಮ ಮನೆಯಲ್ಲಿ ಯಾರಿಗೂ ಕುಡಿಯಲು ನೀರು ಕೂಡ ಸಿಗುತ್ತಿರಲಿಲ್ಲ. ನಾನು ಅಜ್ಜಿಯ ಮಗ್ಗುಲಲ್ಲೇ ಕೂತು ಬೆಳೆದವಳು. ಬೇರೆ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಾನು ವರಸೆ ಕಲಿತೆ. ಅವ್ವನ ಅಕ್ಕನ ಮಗ ಅಣ್ಣ, ಅಪ್ಪನ ತಂಗಿಯ ಮಗ ಭಾವ. ಅಣ್ಣ ಎಂದು ಒಮ್ಮೆ ಕರೆದರೆ ಅವನು ಸಾಯುವ ತನಕ ಅಣ್ಣನೇ. ಭಾವ ಎಂದು ಕರೆಯುವವನ ಎದುರಿಗೆ ಮಾತ್ರ ಸೆರಗು ಸರಿಮಾಡಿಕೊಂಡು ನಿಲ್ಲಬೇಕು, ಏಕೆಂದರೆ ನಾಳೆ ಏನು ಬೇಕಾದರೂ ಆಗಬಹುದು.

ಇಂಥ ಮನೆಗೆ ಬಸವರಾಜು ಬಂದ. ಅಜ್ಜೀಪುರದ ಹುಡುಗ, ಜೂನಿಯರ್ ಕಾಲೇಜು ಓದಲು ನಮ್ಮಲ್ಲಿ ಉಳಿದುಕೊಳ್ಳಲೆಂದು ಅವರಪ್ಪ ಅವನನ್ನು ಒಂದು ಟ್ರಂಕು, ಒಂದು ಮೂಟೆ ರಾಗಿಯ ಜೊತೆ ಬಿಟ್ಟುಹೋದರು. ಉದ್ದನೆಯ ಕತ್ತು, ದೊಡ್ಡ ಕಿವಿ, ಮಾತನಾಡಿಸಿದರೆ ಕಿವಿ ಮೊದಲು ಕೆಂಪಾಗಿ ಆಮೇಲೆ ಬಾಯಿ ತೆರೆಯುತ್ತಿತ್ತು. ಬಿತ್ತನೆ ಮೂಟೆಗಳಿದ್ದ ಜಗಲಿ ಪಕ್ಕದ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟೆವು. ಅಜ್ಜಿ ನನ್ನನ್ನೂ ನಮ್ಮಕ್ಕ ಮಂಗಳಳನ್ನೂ ಕರೆದು ಕೂರಿಸಿಕೊಂಡಳು.

"ಇವ್ನ ತಾಯಿ ಚೆನ್ನಾಜಮ್ಮ, ನಿಮ್ಮವ್ವ ಇಬ್ರೂವೆ ಅನೂರ್ನಲ್ಲಿ ಒಂದೇ ಬೀದೀಲಿ ಆಡ್ಕಂಡು ಬೆಳೆದೋರು. ನಿಮ್ಮವ್ವ ಅವ್ಳನ್ನ ಅಕ್ಕ ಅಂತಿದ್ಲು. ಅದ್ಕೇ ಇವ್ನು ನಿಮ್ಗೆ ಅಣ್ಣ. ತಿಳೀತಾ? ಅಣ್ಣ."

ಎರಡನೇ ಸಲ ಅಂದದ್ದು ಅಕ್ಕನ ಮುಖ ನೋಡಿಕೊಂಡು. ನನಗೆ ಆಗ ಅದೇನೂ ವಿಶೇಷ ಅನ್ನಿಸಲಿಲ್ಲ. ಅವತ್ತಿನಿಂದ ನಮ್ಮಿಬ್ಬರಿಗೆ ಅವನು ಬಸವಣ್ಣ, ಅವನಿಗೆ ನಾವು ದೊಡ್ಡ ತಂಗಿ, ಚಿಕ್ಕ ತಂಗಿ. ಒಂದು ದಿನವೂ ಅವನು ನಮ್ಮ ಹೆಸರು ಹಿಡಿದು ಕರೆದವನಲ್ಲ.

ಅಕ್ಕ ಎಸ್ಸೆಸ್ಸೆಲ್ಸಿ ಬರೆದು ಮನೆಯಲ್ಲಿದ್ದಳು. ಅವಳಿಗೂ ಅವನಿಗೂ ಏನೋ ಇದೆ ಎಂದು ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಉಪ್ಪುಸಾರಿನ ದಿನ ಎಲ್ಲರ ತಟ್ಟೆಗೂ ಒಂದೊಂದು ಮಿಳ್ಳೆ ತುಪ್ಪ ಬಿದ್ದರೆ ಬಸವಣ್ಣನ ಮುದ್ದೆಯ ಗುಂಡಿಯಲ್ಲಿ ಮಾತ್ರ ತುಪ್ಪ ತುಳುಕುತ್ತಿತ್ತು. ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರೆ ಇವಳಿಗೆ ಹಿತ್ತಲಲ್ಲಿ ಕರಿಬೇವು ಬೇಕಾಗುತ್ತಿತ್ತು. ಅಷ್ಟು ಕರಿಬೇವನ್ನು ಯಾವ ಮನೆಯವರೂ ತಿಂದಿರಲಾರರು! ಆದರೂ ಯಾರೊಬ್ಬರ ಕಣ್ಣಿಗೂ ಬೀಳಲಿಲ್ಲ. ಅಣ್ಣ ಎಂಬ ಒಂದು ಮಾತು ಎಲ್ಲರ ಕಣ್ಣನ್ನೂ ಮುಚ್ಚಿತ್ತು. ಅಷ್ಟರಲ್ಲಿ ಅಪ್ಪ ಕುಂತೂರಿನ ಕಡೆಯ ಒಂದು ಸಂಬಂಧ ಮಾತಾಡಿಕೊಂಡು ಬಂದರು. ಕಬ್ಬಿನ ಗದ್ದೆಯವರು, ಒಳ್ಳೆಯ ಜನ. ಗಂಡಿಗೆ ಮೂವತ್ತು ದಾಟಿತ್ತು, ಮಾತು ಕಮ್ಮಿ, ಗದ್ದೆ ಜಾಸ್ತಿ. ಹೆಣ್ಣು ನೋಡಿ ಒಪ್ಪಿದರೆ ತಡಮಾಡುವುದಿಲ್ಲವಂತೆ. ಅಕ್ಕ ಊಟ ಬಿಟ್ಟಳು. ಯಾರಿಗೆ ಹೇಳುವುದು, ಏನೆಂದು ಹೇಳುವುದು? ಅಣ್ಣ ಎಂದು ಬಾಯಿ ತುಂಬ ಕರೆದವನನ್ನೇ ಮದುವೆಯಾಗುತ್ತೇನೆ ಎಂದರೆ ನಮ್ಮ ಕಡೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ಚಾಪೆಯ ಮೇಲೆ ನನ್ನ ಪಕ್ಕ ಮಲಗಿ, ಗೋಡೆಯ ಕಡೆ ತಿರುಗಿ, ಸದ್ದಿಲ್ಲದೆ ಅಳುತ್ತಿದ್ದಳು. 

ಹಾಗಿರುವಾಗಲೇ, ಅಬ್ಬಬ್ಬಾ, ಊರಾಚೆ ಕೊಳ್ಳೇಗಾಲದ ರಸ್ತೆಯ ಪಕ್ಕದ ಬಯಲಿಗೆ ಟೆಂಟು ಬಂತು! ಅಲ್ಲಿಯ ತನಕ ಸಿನಿಮಾ ಎಂದರೆ ಕೊಳ್ಳೇಗಾಲ, ಕೊಳ್ಳೇಗಾಲ ಎಂದರೆ ಬಸ್ಸು, ಬಸ್ಸೆಂದರೆ ಗಂಡಸರು. ಈಗ ಸಿನಿಮಾ ನಡೆದುಕೊಂಡು ಹೋಗುವ ದೂರಕ್ಕೆ ಬಂದುಬಿಟ್ಟಿತು. ಜಟಕಾಗಾಡಿಗೆ ಪೋಸ್ಟರು ಅಂಟಿಸಿದ ತಟ್ಟಿ ಕಟ್ಟಿ, ತಮಟೆ ಬಡಿದುಕೊಂಡು ಬಂದವರು ಬಣ್ಣದ ನೋಟೀಸು ತೂರಿದರು. ನಾನು ಬೀದಿಯ ಉದ್ದಕ್ಕೂ ಓಡಿ ಲಂಗದ ತುಂಬ ಬಾಚಿಕೊಂಡು ಬಂದೆ. "ಹಾಸ್ಯಭರಿತ ಸಾಂಸಾರಿಕ ಚಿತ್ರ, ಮಕ್ಕಳು ಮರಿಗಳೊಂದಿಗೆ ತಪ್ಪದೆ ಬನ್ನಿ" ಎಂದಿತ್ತು. ಅವ್ವನಿಗೆ ಆಸೆ, ನನಗೆ ದುರಾಸೆ. ಅಪ್ಪನಿಗೆ ಗದ್ದೆಯಲ್ಲಿ ನೀರಿನ ಸರದಿ. ಹೆಂಗಸರ ಜೊತೆಗೆ ಗಂಡು ದಿಕ್ಕು ಯಾರು?

"ಬಸ್ರಾಜು ಇಲ್ವಾ? ಅಣ್ಣ ಜೊತೇಲಿ ಬಂದ್ರೆ ಯಾರೇನಂದಾರು? ಓಗ್ಬನ್ನಿ" ಎಂದಳು ಅಜ್ಜಿ.

ಅಕ್ಕನ ಮುಖವನ್ನು ನೀವು ನೋಡಬೇಕಿತ್ತು. ಹದಿನೈದು ದಿನದಿಂದ ಬಾಡಿಹೋಗಿದ್ದವಳು ತಲೆ ಬಾಚಿಕೊಳ್ಳಲು ಓಡಿದಳು.

ಆ ಸಿನಿಮಾ! ಎಷ್ಟೋ ಸಿನಿಮಾ ನೋಡಿದ್ದೇನೆ, ಯಾವುದೂ ಅದರ ಹಾಗೆ ನನ್ನ ಮೈಗೆ ಹತ್ತಲಿಲ್ಲ. ಪಟ್ಟಣದಲ್ಲಿ ಅಕ್ಕಪಕ್ಕದ ಎರಡು ಮನೆ, ನಡುವೆ ಒಂದು ಕಾಂಪೌಂಡ್ ಗೋಡೆ. ಈ ಮನೆಯ ಹಲಸಿನ ಮರದ ಕೊಂಬೆ ಆ ಮನೆಯ ಮೇಲೆ ಬಾಗಿದೆ. ಹಣ್ಣು ಯಾರದು ಎಂದು ಎರಡು ಮನೆಯ ಯಜಮಾನರಿಗೂ ಜಗಳ; ಮಾತು ಬಿಟ್ಟು ಎಷ್ಟೋ ವರ್ಷ. ಈ ಮನೆಯ ಹುಡುಗಿ ಕಾಲೇಜಿಗೆ ಹೋಗುತ್ತಾಳೆ, ಆ ಮನೆಯ ಹುಡುಗನೂ ಹೋಗುತ್ತಾನೆ. ಅವನಿಗೊಂದು ಸೈಕಲ್ಲು. ಬೆಲ್ಲು ಒಂದು ಸಲ ಹೊಡೆದರೆ ಗೋಡೆಯ ಹತ್ತಿರ ಬಾ ಎಂದು, ಎರಡು ಸಲ ಹೊಡೆದರೆ ಅಪ್ಪ ಬಂದರು ಓಡು ಎಂದು. ಒಂದು ದಿನ ಹುಡುಗಿಯ ಅಪ್ಪನೇ ಆ ಸೈಕಲ್ಲು ಹತ್ತಿ ಗೊತ್ತಿಲ್ಲದೆ ಬೆಲ್ಲು ಹೊಡೆದು, ಮಗಳು ಮುಖಕ್ಕೆ ಪೌಡರು ಹಾಕಿಕೊಂಡು ಓಡಿಬಂದು, ಅಯ್ಯೋ ಶಿವನೇ, ಟೆಂಟೇ ಕಿತ್ತುಹೋಗುವಂತೆ ಜನ ನಕ್ಕರು. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಉಸಿರು ಸಿಕ್ಕದೆ ಒದ್ದಾಡಿದಳು. ಕಡೆಗೆ ಮಕ್ಕಳನ್ನು ಹಿಡಿಯಲು ಇಬ್ಬರು ಅಪ್ಪಂದಿರೂ ಎರಡು ಕಡೆಯಿಂದ ಗೋಡೆ ಹತ್ತುತ್ತಾರೆ, ಇಬ್ಬರ ಭಾರಕ್ಕೆ ಗೋಡೆ ದೊಪ್ಪನೆ ಬೀಳುತ್ತದೆ, ಇಬ್ಬರೂ ಒಬ್ಬರ ಮೇಲೊಬ್ಬರು ಮಣ್ಣಿನಲ್ಲಿ. ಗೋಡೆಯೇ ಇಲ್ಲವಾದ ಮೇಲೆ ಜಗಳ ಎಲ್ಲಿಂದ? ನಗು, ಮದುವೆ, ಶುಭಂ. ನಾವು ಮರಳ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆವು. ಹೆಂಗಸರಿಗೂ ಗಂಡಸರಿಗೂ ನಡುವೆ ಮೊಣಕಾಲೆತ್ತರದ ಒಂದು ತಟ್ಟಿ. ಆ ಕಡೆ ತುದಿಯಲ್ಲಿ ಬಸವಣ್ಣ, ಈ ಕಡೆ ತುದಿಯಲ್ಲಿ ಅಕ್ಕ. ಪರದೆಯ ಮೇಲಿನ ಗೋಡೆ ಬಿದ್ದಾಗ ಎಲ್ಲರೂ ಪರದೆ ನೋಡುತ್ತಿದ್ದರು, ಅವರಿಬ್ಬರು ಮಾತ್ರ ತಟ್ಟಿ ನೋಡುತ್ತಿದ್ದರು.

ಮಾರನೆಯ ದಿನ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ನಾನು ಎದುರಿಗೆ ನಿಂತು ಪೂರಾ ಸಿನಿಮಾ ಆಡಿ ತೋರಿಸಿದೆ. ಸೈಕಲ್ಲಾದೆ, ಬೆಲ್ಲಾದೆ, ಇಬ್ಬರು ಅಪ್ಪಂದಿರೂ ನಾನೇ ಆದೆ. ಅಜ್ಜಿ ಕೈ ನಿಲ್ಲಿಸಿ ಕೇಳಿದಳು:

"ಅದಿರ್ಲಿ ಕಣಮ್ಮಿ, ಆ ಉಡ್ಗ ಆ ಉಡ್ಗೀಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಕಣಜ್ಜಿ. ಪಕ್ಕದ್ಮನೆಯೋನು."

"ಏನೂ ಆಗ್ದೆ ಇರೋನು ಯಾವನಿದ್ದಾನಮ್ಮಿ? ಪಕ್ಕದ್ಮನೆಯೋನು ಅಂದ್ಮೇಲೆ ಅಣ್ಣನೋ ಭಾವನೋ ಆಗ್ಲೇಬೇಕು. ಅದ್ನೇ ಏಳ್ದೆ ಎಂಥ ಕತೆ ಅದು? ನಡಿ ಅತ್ತಗೆ!"

ಅಜ್ಜಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ನನ್ನ ಸಿನಿಮಾ ಅಲ್ಲೇ ಸತ್ತುಬಿದ್ದಂತಾಯಿತು. ಅಷ್ಟು ಸುಲಭವಾಗಿ ಬಿಡುವವಳೇ ನಾನು? "ಮರ್ತಿದ್ದೆ ಕಣಜ್ಜಿ, ಸೋದರಮಾವನ ಮಗ!" ಎಂದುಬಿಟ್ಟೆ. ಅಜ್ಜಿಯ ಮುಖ ಅರಳಿತು. ಮಾವನ ಮಗನನ್ನು ಬಿಟ್ಟು ಇನ್ಯಾರನ್ನು ಆಗುತ್ತಾಳೆ ಮತ್ತೆ, ಹಲಸಿನ ಹಣ್ಣಿಗೆ ಜಗಳ ಆಡಿಕೊಂಡು ಮಾವನ ಮನೆಯನ್ನು ಬಿಡುವುದುಂಟೆ, ಎಂದು ಆ ಅಪ್ಪಂದಿರಿಬ್ಬರಿಗೂ ಚೆನ್ನಾಗಿ ಬೈದಳು. ಅವರು ನಮ್ಮ ಜಗಲಿಯಲ್ಲೇ ಕೂತಿದ್ದರೇನೋ ಅನ್ನುವ ಹಾಗೆ. ಆಮೇಲೆ ಕತೆ ಮೊದಲಿನಿಂದ ಶುರು. ಮಾರನೆಯ ದಿನ ಪಕ್ಕದ ಮನೆಯ ಹೆಂಗಸರನ್ನೂ ಕರೆಸಿ ನನ್ನಿಂದ ಹೇಳಿಸಿದಳು. ಅಜ್ಜಿ ಕೇಳಿದ ಪ್ರಶ್ನೆಗೆಲ್ಲ ನನ್ನ ಬಾಯಲ್ಲಿ ಉತ್ತರ ತಾನಾಗಿ ಹುಟ್ಟುತ್ತಿತ್ತು. ಹುಡುಗನ ತಾಯಿಯ ತವರು, ಹಲಸಿನ ಗಿಡ ನೆಟ್ಟ ಮುತ್ತಜ್ಜ, ಇವರನ್ನೆಲ್ಲ ಟೆಂಟಿನವನು ತೋರಿಸಿಯೇ ಇರಲಿಲ್ಲ. ಅದರಲ್ಲಿ ಎಂಥ ಸುಖವಿತ್ತು! ಇವತ್ತಿಗೂ ನಾನು ಬರೆಯಲು ಕೂತಾಗ ನನ್ನೊಳಗೆ ಯಾರೋ ಹುಣಸೆಹಣ್ಣು ಬಿಡಿಸುತ್ತಾ "ಅವ್ನು ಅವ್ಳಿಗೆ ಏನಾಗ್ಬೇಕು?" ಎಂದು ಕೇಳುತ್ತಲೇ ಇರುತ್ತಾರೆ.

ಕಡೆಗೊಂದು ದಿನ ಅಜ್ಜಿ "ನಾನೂ ನೋಡ್ಬೇಕು, ಗಾಡಿ ಕಟ್ಸು" ಎಂದು ಅಪ್ಪನ ಮುಂದೆ ಹಟ ಹಿಡಿದಳು. ಕುಂತೂರಿನವರು ಹೆಣ್ಣು ನೋಡಲು ಬರುವುದಕ್ಕೆ ಎರಡೇ ದಿನ ಉಳಿದಿತ್ತು. ಅಡುಗೆಯ ಸಹಾಯಕ್ಕೆಂದು ಅವ್ವ ಅಜ್ಜೀಪುರದಿಂದ ಚೆನ್ನಾಜಮ್ಮನನ್ನು, ಅಂದರೆ ಬಸವಣ್ಣನ ತಾಯಿಯನ್ನು, ಕರೆಸಿಕೊಂಡಿದ್ದಳು. ಅವರು ನಮ್ಮ ಮನೆಗೆ ಬಂದದ್ದು ನನಗೆ ತಿಳಿದಂತೆ ಅದೇ ಮೊದಲು. ಬಂದಿಳಿದಾಗ ನಾನು ಸ್ಕೂಲಿನಲ್ಲಿದ್ದೆ. ಸಾಯಂಕಾಲ ಎಲ್ಲರೂ ಗಾಡಿ ಹತ್ತಿದೆವು. ಟೆಂಟಿನಲ್ಲಿ ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿಕೊಂಡು, ಪರದೆಯ ಮೇಲೆ ಬಂದವರೆಲ್ಲರ ಜೊತೆಗೂ ಮಾತಾಡಿಕೊಂಡು ಕೂತಳು. ಒಂದು ರೀಲು ಮುಗಿಯಿತು, ದೀಪ ಹತ್ತಿಕೊಂಡಿತು. ಅಜ್ಜಿ ಇಡೀ ಟೆಂಟಿಗೆ ಕೇಳುವಂತೆ ಕೂಗಿದಳು:

"ಲೇ ನಾಗೂ! ಇವ್ರು ನಂಟ್ರೇ ಅಲ್ವಲ್ಲೇ! ಮಾವನ ಮಗ ಅಂದಿದ್ದೆ, ಮಾವ ಎಲ್ಲೇ?"

ಗಂಡಸರ ಕಡೆಯಿಂದ ಯಾರೋ "ಮಾವ ಮುಂದ್ಲ್ ರೀಲ್ನಲ್ಲಿ ಬತ್ತಾನೆ ಕಣಜ್ಜಿ, ಬಸ್ಸು ಲೇಟು!" ಎಂದರು. ಟೆಂಟಿಗೆ ಟೆಂಟೇ ಗೊಳ್ಳೆಂದಿತು. ನಾನು ಮುಖ ಎಲ್ಲಿಡಲಿ ಎಂದು ಹುಡುಕುತ್ತಿರುವಾಗ ಚೆನ್ನಾಜಮ್ಮ ನಗುತ್ತಾ ಅಜ್ಜಿಯ ಕೈ ಹಿಡಿದುಕೊಂಡರು.

"ಬುಡು ದೊಡ್ಡವ್ವ, ಮಗು ಅದು. ಇತ್ತಗೆ ಬಾ, ಗಾಳಿ ಬತ್ತದೆ, ಕುಂತ್ಕೊ ದೊಡ್ಡವ್ವ."

ದೊಡ್ಡವ್ವ! ದೀಪ ಆರಿತು, ಮುಂದಿನ ರೀಲು ಶುರುವಾಯಿತು. ನನಗೆ ಪರದೆ ಕಾಣಿಸುತ್ತಲೇ ಇರಲಿಲ್ಲ.  ಅವ್ವನ ಅಕ್ಕನನ್ನು ತಾನೆ ದೊಡ್ಡವ್ವ ಅನ್ನುವುದು? ಅಜ್ಜಿ ಚೆನ್ನಾಜಮ್ಮನಿಗೆ ದೊಡ್ಡವ್ವ ಆದರೆ, ಅಜ್ಜಿಯ ಮಗ ನಮ್ಮಪ್ಪ ಅವರಿಗೆ ಅಣ್ಣ. ಅಪ್ಪನಿಗೆ ಅವರು ತಂಗಿ. ಅಪ್ಪನ ತಂಗಿ ನಮಗೆ ಸೋದರತ್ತೆ. ಸೋದರತ್ತೆಯ ಮಗ... ಅಕ್ಕನೂ ಮನೆಯಲ್ಲಿ ಆ ಮಾತು ಕೇಳಿಯೇ ಇದ್ದಳು, ಆದರೆ ಲೆಕ್ಕ ಹಾಕಲು ಅಜ್ಜಿ ಕಲಿಸಿದ್ದು ನನಗೆ. ತೆವಳಿಕೊಂಡು ಹೋಗಿ ಅವಳ ಕಿವಿ ಕಚ್ಚುವಷ್ಟು ಹತ್ತಿರ ಬಾಯಿಟ್ಟು ಹೇಳಿದೆ. ಅವಳು ನನ್ನ ಕೈಯನ್ನು ಹಿಡಿದ ಹಿಡಿತಕ್ಕೆ ಬಳೆ ಒಡೆಯಿತು. ಪರದೆಯ ಮೇಲೆ ಆ ಹುಡುಗಿ ಸೊಂಟಕ್ಕೆ ಕೈ ಕೊಟ್ಟು ನಿಂತು ಅಪ್ಪನ ಮುಂದೆ ಉದ್ದನೆಯ ಮಾತಾಡುತ್ತಿದ್ದಳು. ನಮ್ಮಕ್ಕನಿಗೆ ಅಷ್ಟುದ್ದದ ಡೈಲಾಗು ಬರೆದುಕೊಡುವವರು ಯಾರಿದ್ದರು? ಅವಳಿಗೆ ಈಗ ಸಿಕ್ಕಿದ್ದು ಒಂದೇ ಒಂದು ಪದ. ಅದನ್ನು ಹೇಳುವ ಧೈರ್ಯ ಅವಳಿಗಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ನಡುಮನೆಯಲ್ಲಿ ಅಪ್ಪ, ಬಸವಣ್ಣ, ನಾನು ಸಾಲಾಗಿ ಊಟಕ್ಕೆ ಕೂತಿದ್ದೆವು. ಅಜ್ಜಿ ಎದುರಿಗೆ ಮಣೆಯ ಮೇಲೆ. ಚೆನ್ನಾಜಮ್ಮ ಅವ್ವನ ಜೊತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾಳೆ ಬರುವವರಿಗೆ ಒಬ್ಬಟ್ಟೋ ಪಾಯಸವೋ ಎಂದು ಮಾತಾಡುತ್ತಿದ್ದರು. ಅಕ್ಕ ಬಡಿಸುತ್ತಿದ್ದಳು. ಅಪ್ಪನಿಗೆ ಹುರುಳಿ ಸಾರು ಬಿಟ್ಟಳು, ನನಗೆ ಬಿಟ್ಟಳು. ಮುದ್ದೆಯ ಪಾತ್ರೆ ಹಿಡಿದು ಬಸವಣ್ಣನ ಮುಂದೆ ಬಗ್ಗಿದಳು.  ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು:

"ಇನ್ನರ್ಧ ಮುದ್ದೆ ಇಕ್ಲಾ, ಭಾವ?"

ಒಬ್ಬಟ್ಟಿನ ಮಾತು ಅಲ್ಲಿಗೇ ನಿಂತಿತು. ಅಪ್ಪನ ತುತ್ತು ಬಾಯಿಯ ಹತ್ತಿರವೇ ಉಳಿಯಿತು. ಬಸವಣ್ಣನ ಕಿವಿ ಕೆಂಪಾಗಿ, ಕತ್ತು ಕೆಂಪಾಗಿ, ಗಂಟಲಿಗೆ ಮುದ್ದೆ ಸಿಕ್ಕಿಕೊಂಡು ಅವನು ಕೆಮ್ಮಿದ. ಆಮೇಲೆ, ಆ ಪೆದ್ದು, ಎರಡು ವರ್ಷದ ಅಭ್ಯಾಸ ನೋಡಿ, ತಟ್ಟೆಗೆ ಕೈ ಅಡ್ಡ ಹಿಡಿದು,

"ಸಾಕು ತಂಗಿ" ಎಂದುಬಿಟ್ಟ.

ನನಗೆ ಅವನ ತಲೆಗೆ ಚೊಂಬಿನಿಂದ ಕುಟ್ಟುವಷ್ಟು ಸಿಟ್ಟು ಬಂತು. ಅಕ್ಕ ಬಗ್ಗಿದವಳು ಬಗ್ಗಿದಂತೆಯೇ ಇದ್ದಳು. ಅವಳ ಕಣ್ಣಿನಿಂದ ಒಂದು ಹನಿ ನೇರವಾಗಿ ಮುದ್ದೆಯ ಪಾತ್ರೆಗೆ ಬಿತ್ತು. ಹಿರಿಯರೆಲ್ಲರ ಎದುರು ಅವನು ತಂಗಿ ಎಂದ ಮೇಲೆ ಇನ್ನೇನು ಉಳಿಯಿತು? ನಾಳೆ ಕುಂತೂರಿನವರು ಬರುತ್ತಾರೆ, ಒಬ್ಬಟ್ಟು ತಿನ್ನುತ್ತಾರೆ, ಒಪ್ಪಿಕೊಂಡು ಹೋಗುತ್ತಾರೆ. ಅಪ್ಪ ತುತ್ತನ್ನು ತಟ್ಟೆಗೆ ಇಳಿಸಿ "ಏನಂದ್ಯೇ ನೀನು?" ಎಂದು ಅಕ್ಕನ ಕಡೆ ತಿರುಗಿದರು. ಅಜ್ಜಿ ಕೈಯೆತ್ತಿ ಅವರನ್ನು ತಡೆದಳು.

"ನೀ ಸುಮ್ಕಿರು. ಲೇ ಬಸ್ರಾಜು, ಅವ್ಳು ಒಂದಂದ್ಲು, ನೀನು ಒಂದಂದೆ. ಯಾವ್ದ್ಲಾ ಸರಿ?"

ಅವನು ತಟ್ಟೆ ನೋಡಿದ, ಅವರವ್ವನನ್ನು ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ನಮ್ಮೆಲ್ಲರ ಎದುರು ಅಕ್ಕನ ಮುಖವನ್ನು ನೆಟ್ಟಗೆ ನೋಡಿದ. ತಟ್ಟೆಗೆ ಅಡ್ಡ ಹಿಡಿದಿದ್ದ ಕೈ ತೆಗೆದ.

"ಇಕ್ಕು, ಮಂಗಳಾ" ಎಂದ.

ಅಷ್ಟೇ. ಈ ವಯಸ್ಸಿನಲ್ಲಿ ನೆನೆಸಿಕೊಂಡರೂ ನನಗೆ ಮೈ ಜುಮ್ಮೆನ್ನುತ್ತದೆ. ಅಕ್ಕ ಅರ್ಧವಲ್ಲ, ಇಡೀ ಮುದ್ದೆ ಹಾಕಿಬಿಟ್ಟಳು. ಹಾಕಿ ಪಾತ್ರೆಯನ್ನು ಅಲ್ಲೇ ಇಟ್ಟು ಹಿತ್ತಲಿಗೆ ಓಡಿದಳು. ಈ ಸಲ ಕರಿಬೇವಿನ ನೆವ ಹೇಳಲಿಲ್ಲ. ಅಪ್ಪ ಗುಡುಗಲು ಶುರುಮಾಡಿದರು: ಅಣ್ಣ ಎಂದು ಕರೆದುಕೊಂಡು ಬೆಳೆದ ಮಕ್ಕಳು, ಜನ ಏನಂದಾರು, ಮರ್ಯಾದೆ ಏನಾಯಿತು.

"ಅಣ್ಣ ಅನ್ಸಿದ್ದು ನಾನು ಕಣ್ಲಾ" ಎಂದಳು ಅಜ್ಜಿ. "ಇವ್ನವ್ವ ನಮ್ಮ ಚಿಕ್ಕವ್ವನ ಮಗಳ ಮಗ್ಳು. ನಂಗೆ ಮಗ್ಳಾಗ್ಬೇಕು, ನಿಂಗೆ ತಂಗಿ ಆಗ್ಬೇಕು. ಅದು ರಕ್ತದ ವರಸೆ. ಅನೂರ ಬೀದಿದು ಬರೀ ಬಾಯ್ಮಾತಿನ ವರಸೆ. ನಂಗೆ ಗೊತ್ತಿರ್ಲಿಲ್ವಾ? ವಯಸ್ಸಿನ್ ಉಡ್ಗ, ವಯಸ್ಸಿನ್ ಉಡ್ಗಿ, ಒಂದೇ ಮನೆ. ನಾನೇ ಬೇಕೂಂತ ಗ್ವಾಡೆ ಎತ್ತಿದ್ದೆ. ಎತ್ತಿದೋಳು ನಾನೇ ಬೀಳುಸ್ತೀನಿ. ನಿಂಗೇನು?"

ಚೆನ್ನಾಜಮ್ಮ ಬಾಗಿಲಲ್ಲೇ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. "ದೊಡ್ಡವ್ವ, ನೀನು ಅಣ್ಣ ಅನ್ಸಿಟ್ಟಿದ್ದೀಯ ಅಂತ ಕೇಳಿ ನಾನು ಆಸೇನೇ ಬುಟ್ಟಿದ್ದೆ" ಎಂದರು. ಅವ್ವ ನಕ್ಕಳೋ ಅತ್ತಳೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳೆಂದು ಕಾಣುತ್ತದೆ. ಅಪ್ಪ ಗುಡುಗುವುದನ್ನು ಬಿಟ್ಟು, ಸಾರು ಕಲೆಸುತ್ತಾ, ಕುಂತೂರಿಗೆ ಹೇಳಿಕಳಿಸಲು ಯಾರನ್ನು ಕಳಿಸುವುದು ಎಂದು ಅಜ್ಜಿಯನ್ನೇ ಕೇಳಿದರು. ಬಸವರಾಜನ ಓದು ಮುಗಿದು ಕೆಲಸ ಸಿಗುವ ತನಕ ಮದುವೆಯ ಮಾತಿಲ್ಲ, ಅಲ್ಲಿಯ ತನಕ ಅವನು ಬೇರೆಡೆ ಇರಬೇಕು ಎಂದು ಅಜ್ಜಿಯೇ ಕಟ್ಟಳೆ ಮಾಡಿದಳು. ಅವನು ಅಷ್ಟಕ್ಕೂ ತಲೆಯಾಡಿಸಿದ, ಬಾಯಿ ತುಂಬ ಮುದ್ದೆಯಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ನನ್ನನ್ನು ಕರೆದಳು. ಟೆಂಟಿನಲ್ಲಿ ಮಾನ ತೆಗೆದದ್ದಕ್ಕೆ ಇನ್ನೂ ಮುನಿಸಿಕೊಂಡಿದ್ದ ನಾನು ದೂರವೇ ನಿಂತೆ.

"ಬಾ ಇಲ್ಲಿ. ಆ ಸಿನಿಮಾ ಕತೆ ಏಳು."

"ನೀನೇ ನೋಡ್ದಲ್ಲ ಅಜ್ಜಿ. ನಾನು ಏಳಿದ್ದು ಸುಳ್ಳು ಅಂತ ಎಲ್ರ ಮುಂದೇನೇ ಕೂಗ್ದೆಯಲ್ಲ."

"ಟೆಂಟ್ನೋನ್ಗೆ ಏನ್ ಗೊತ್ತಮ್ಮಿ? ಯಾರು ಯಾರ್ಗೆ ಏನಾಗ್ಬೇಕು ಅಂತ್ಲೇ ಏಳಿಲ್ಲ ಅವ್ನು. ನೀ ಏಳಿದ್ದೇ ಸರಿಯಾಗಿತ್ತು. ಏಳು. ಆ ಉಡ್ಗ ಆ ಉಡ್ಗೀಗೆ ಏನಾಗ್ಬೇಕು?"

ನಾನು ಅವಳ ಮಗ್ಗುಲಿಗೆ ಹೋಗಿ ಕೂತು, ಗಂಟಲು ಸರಿಮಾಡಿಕೊಂಡೆ.

"ಸೋದರತ್ತೆ ಮಗ ಕಣಜ್ಜಿ."

"ಮೊನ್ನೆ ಮಾವನ ಮಗ ಅಂದಿದ್ದೆ?"

"ಈಗ ಅತ್ತೆ ಮಗ."

ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿದಳು. ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟುಕೊಂಡಳು.

"ಊಂ, ಅದೇ ಸರಿ. ಮುಂದಕ್ಕೆ ಏಳು."